ಕೀಪರ್ ಬದಿಗೇ ಬಿದ್ದ ಗೋಲು: ಹುಬ್ಬಳ್ಳಿಯ ಒಂದು ಫ್ರೀ ಕಿಕ್‌ನ ಪ್ರಕರಣ ಅಧ್ಯಯನ

ಮ್ಯಾಚ್ ಸೋತು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಮರಳುವಾಗ ನಮ್ಮ ಗೋಲ್‌ಕೀಪರ್ ಗ್ಲೌಸ್ ಕೂಡ ಬಿಚ್ಚದೆ ಕಿಟಕಿಗೆ ತಲೆ ಆನಿಸಿ ಕೂತಿದ್ದ. ಉಣಕಲ್ ದಾಟಿತು, ನವನಗರ ದಾಟಿತು, ಅವನು ಬಾಯಿ ಬಿಡಲಿಲ್ಲ. ಮುಂದಿನ ಸೀಟುಗಳಲ್ಲಿ ಉಳಿದ ಹುಡುಗರದು ಮಾತ್ರ ಒಂದೇ ರಾಗ: "ವಾಲ್ ಮ್ಯಾಲಿಂದ ಹೋಗಿದ್ರ ಮಾತ ಬ್ಯಾರೆ. ಕೀಪರ್ ಕಡೀನ ಹೋತಲ್ಲೋ."

ಫುಟ್‌ಬಾಲ್ ಆಡಿದವರಿಗೆ ಈ ಮಾತಿನ ಚುಚ್ಚು ಗೊತ್ತು. ಫೌಲ್‌ಗೆ ಸಿಗುವ ಫ್ರೀ ಕಿಕ್ ತಡೆಯಲು ಚೆಂಡಿನ ಮುಂದೆ ಭುಜಕ್ಕೆ ಭುಜ ಹಚ್ಚಿ ನಿಲ್ಲುವ ಆಟಗಾರರ ಸಾಲೇ ಗೋಡೆ, ಹುಡುಗರ ಬಾಯಲ್ಲಿ ವಾಲ್. ಫ್ರೀ ಕಿಕ್ ಆ ಗೋಡೆಯ ಮೇಲಿಂದ ಬಾಗಿ ಮೂಲೆಗೆ ಬಿದ್ದರೆ ಹೊಡೆದವನನ್ನು ಹೊಗಳುತ್ತೇವೆ. ಗೋಡೆ ಇಲ್ಲದ ಬದಿಗೆ, ಅಂದರೆ ಕೀಪರ್ ತಾನೇ ನಿಂತು ಕಾಯಬೇಕಾದ ಬದಿಗೆ ಬಿದ್ದರೆ ಕೀಪರನನ್ನು ಬೈಯುತ್ತೇವೆ. ಆ ರಾತ್ರಿ ನಾನೂ ಮನಸ್ಸಿನಲ್ಲಿ ಬೈದೆ. ನಾಲ್ಕು ದಿನ ಬಿಟ್ಟು ಆ ಬೈಗುಳ ಯಾರಿಗೆ ಸಲ್ಲಬೇಕಿತ್ತು ಅನ್ನುವುದು ತಿಳಿಯಿತು. ಅದನ್ನೇ ಇಲ್ಲಿ ಮೊದಲಿಂದ ಕೊನೆಯವರೆಗೆ ಬಿಚ್ಚಿಡುತ್ತಿದ್ದೇನೆ. ಹುಡುಗರ ಹೆಸರು, ತಂಡದ ಹೆಸರು ಬೇಡ, ಜೆರ್ಸಿ ನಂಬರು ಸಾಕು.

ನನ್ನ ಬಗ್ಗೆ ಒಂದು ಮಾತು: ಹೊಟ್ಟೆಪಾಡಿಗೆ ಹೊಲ, ಪ್ಲಾಟು ಅಳೆಯುವವನು. ಬೆಳಿಗ್ಗೆ ಎರಡು ತಾಸು ಈ ಹುಡುಗರಿಗೆ ಸಹಾಯಕ ಕೋಚ್. ಹಾಗಾಗಿ ಚೀಲದಲ್ಲಿ ಅಳತೆ ಟೇಪು ಯಾವಾಗಲೂ ಇರುತ್ತದೆ. ಈ ಕಥೆಯಲ್ಲಿ ಅದಕ್ಕೂ ಒಂದು ಪಾತ್ರವಿದೆ.

ಏನಾಯಿತು

ಹುಬ್ಬಳ್ಳಿಯ ಎರೆಮಣ್ಣಿನ ಮೈದಾನ. ಹಿಂದಿನ ವಾರ ಮಳೆಯಾಗಿ, ಆಮೇಲೆ ಬಿಸಿಲು ಬಿದ್ದು ನೆಲ ಬಿರುಕು ಬಿಡಲು ಶುರುವಾಗಿತ್ತು. ನಾವು 1–0 ಮುಂದಿದ್ದೆವು. ಹನ್ನೆರಡು ನಿಮಿಷ ಬಾಕಿ. ಎದುರಾಳಿಗಳ ಹತ್ತನೇ ನಂಬರಿನವನು ನಮ್ಮ ಗೋಲಿಗೆ ಬೆನ್ನು ಹಾಕಿ ಚೆಂಡು ಹಿಡಿದು ನಿಂತಿದ್ದ. ಅವನಿಗೆ ತಿರುಗಲು ಜಾಗ ಇರಲಿಲ್ಲ, ಪಾಸ್ ಕೊಡಲು ಹತ್ತಿರ ಯಾರೂ ಇರಲಿಲ್ಲ. ನಮ್ಮ ಆರನೇ ನಂಬರ್ ಹಿಂದಿನಿಂದ ಹೋಗಿ ಕಾಲು ಹಾಕಿದ. ಸುಮ್ಮನೆ ಬೆನ್ನಿಗೆ ಅಂಟಿಕೊಂಡು ನಿಂತಿದ್ದರೆ ಆ ಚೆಂಡು ಹಿಂದಕ್ಕೇ ಹೋಗುತ್ತಿತ್ತು. ಫ್ರೀ ಕಿಕ್ ತಡೆಯುವ ಅಗ್ಗದ ದಾರಿ ಅದೇ, ಆದರೆ ಹದಿನೇಳು ವರ್ಷದ ಹುಡುಗನಿಗೆ "ನಿಂದರು" ಅಂದರೆ ಅದು ಸೋಲು ಅನ್ನಿಸುತ್ತದೆ. ಇರಲಿ, ಫೌಲ್ ಆಯಿತು.

ಮುಂದಿನದು ಮೊಬೈಲಿನಲ್ಲಿ ಸಿಕ್ಕಿದೆ. ನಮ್ಮ ಆಟಗಾರನೊಬ್ಬನ ತಮ್ಮ, ಏಳನೇ ಇಯತ್ತೆಯವನು, ಗೋಲಿನ ಬಲೆಯ ಹಿಂದೆ ನಿಂತು ಮೊಬೈಲ್ ಉದ್ದಕ್ಕೆ ಹಿಡಿದು ತೆಗೆದ ವಿಡಿಯೋ. ಅಡ್ಡ ಹಿಡಿಯೋ ಅಂತ ಎಷ್ಟು ಸಲ ಹೇಳಿದ್ದೆನೋ, ಈ ಸಲ ಉದ್ದ ಹಿಡಿದದ್ದೇ ಒಳ್ಳೆಯದಾಯಿತು. ಕೀಪರ್‌ನ ಬೆನ್ನು, ಅವನ ಮುಂದೆ ಗೋಡೆ, ಗೋಡೆಯ ಆಚೆ ಚೆಂಡು, ಮೂರೂ ಒಂದೇ ಚೌಕಟ್ಟಿನಲ್ಲಿ ಬಂದವು. ಕೀಪರ್‌ಗೆ ಏನು ಕಂಡಿತೋ ಅದೇ ನಮಗೂ ಕಂಡಿತು.

ಸೀಟಿ ಬಿದ್ದ ಕೂಡಲೇ ಕೀಪರ್ ತನ್ನ ಬಲಗಡೆಯ ಕಂಬಕ್ಕೆ ಓಡಿ, ಅದನ್ನು ತಬ್ಬಿಕೊಂಡು ನಿಂತು, ಕೈ ಬೀಸಿ ಗೋಡೆ ಸರಿಪಡಿಸಲು ಶುರು ಮಾಡಿದ. ನಾಲ್ವರು ಬಂದು ನಿಂತರು. ಯಾರು ಆ ನಾಲ್ವರು? ಹತ್ತಿರ ಇದ್ದವರು. ಫೌಲ್ ಮಾಡಿದ ಆರನೇ ನಂಬರ್, ಎಂಟು, ಎರಡು, ಮತ್ತು ಕಂಬದ ಕಡೆಯ ತುದಿಗೆ ಹನ್ನೊಂದನೇ ನಂಬರ್. ತಂಡದಲ್ಲೇ ಗಿಡ್ಡ ಅವನು. ನಮ್ಮ ಇಬ್ಬರು ಎತ್ತರದ ಡಿಫೆಂಡರ್‌ಗಳು ಎದುರಾಳಿಗಳ ಎತ್ತರದವರನ್ನು ಹಿಡಿಯಲು ಆಚೆ ಬದಿಗೆ ಹೋಗಿಬಿಟ್ಟಿದ್ದರು.

ಅಷ್ಟರಲ್ಲಿ ಎದುರಾಳಿಗಳ ಒಂಬತ್ತನೇ ನಂಬರ್ ಬಂದು ಗೋಡೆಯ ಒಳತುದಿಯಿಂದ ಒಂದು ಹೆಜ್ಜೆ ಬಿಟ್ಟು ನಿಂತ. ಕೀಪರ್ ಕಂಬ ಬಿಟ್ಟು ನಡುವಿಗೆ ಮರಳಿದ. ರೆಫ್ರಿ ಸೀಟಿ. ಹತ್ತನೇ ನಂಬರ್ ಮೂರು ಹೆಜ್ಜೆ ಓಡಿ ಬಂದು ಬಲಗಾಲಲ್ಲಿ ಹೊಡೆದ. ಎತ್ತರಕ್ಕಲ್ಲ. ಮೊಣಕಾಲಿನ ಮಟ್ಟಕ್ಕೆ, ನೇರಕ್ಕೆ. ಒಂಬತ್ತನೇ ನಂಬರ್ ಪಕ್ಕಕ್ಕೆ ಸರಿದ, ಅವನು ನಿಂತಿದ್ದ ಜಾಗದಿಂದಲೇ ಚೆಂಡು ಹಾದು ಹೋಯಿತು. ಒಂದು ಪುಟಿತ, ಆಮೇಲೆ ದೂರದ ಕಂಬದಿಂದ ಒಂದು ಮೀಟರ್ ಒಳಗೆ ಬಲೆ. ಕೀಪರ್ ಬಿದ್ದ, ಆದರೆ ಚೆಂಡು ದಾಟಿದ ಮೇಲೆ ಬಿದ್ದ. ಮುಂದೆ ಟೈಬ್ರೇಕರ್‌ನಲ್ಲಿ ಸೋತೆವು.

ಟೇಪು ಹಿಡಿದಾಗ

ಮ್ಯಾಚ್ ಮುಗಿದು ಜನ ಚದುರಿದ ಮೇಲೆ ನಾನು ಅಳೆದಿದ್ದೆ. ಆಗ ಯಾಕೆ ಅಳೆಯುತ್ತಿದ್ದೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ, ಸೋತಾಗ ಕೈಗೆ ಏನಾದರೂ ಕೆಲಸ ಬೇಕಿತ್ತು, ಅಷ್ಟೆ. ಕಾಲು ತಗುಲಿ ಕಿತ್ತ ಮಣ್ಣಿನ ಗುರುತಿನಿಂದ ಗೋಲ್‌ಲೈನಿಗೆ 20 ಮೀಟರ್. ಗೋಲಿನ ನಡುವಿನಿಂದ ಹೊಡೆಯುವವನ ಎಡಕ್ಕೆ 2 ಮೀಟರ್. ಮನೆಗೆ ಬಂದು ಕಾಗದದ ಮೇಲೆ ಗೆರೆ ಎಳೆದೆ.

ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಗೋಡೆ ನಿಲ್ಲಬೇಕಾದದ್ದು ಚೆಂಡಿನಿಂದ 9.15 ಮೀಟರ್ ದೂರದಲ್ಲಿ. ಚೆಂಡಿದ್ದ ಜಾಗದಲ್ಲಿ ಒಂದು ದೀಪ ಇಟ್ಟಿದ್ದೀರಿ ಅಂದುಕೊಳ್ಳಿ. ಆ ದೀಪದಿಂದ ಎರಡು ಕಂಬಗಳಿಗೆ ಎಳೆದ ಗೆರೆಗಳು 9.15 ಮೀಟರಿನ ಹತ್ತಿರ ಎಷ್ಟು ಅಗಲ ಇರುತ್ತವೆ? 3.35 ಮೀಟರ್. ಅಂದರೆ ಗೋಡೆ ಇರುವ ಕಡೆ ಇಡೀ ಗೋಲು ಒಂದು ಸಣ್ಣ ಕೋಣೆಯ ಅಗಲಕ್ಕೆ ಕುಗ್ಗಿ ನಿಂತಿರುತ್ತದೆ. ಒಬ್ಬ ಹುಡುಗ ಭುಜಕ್ಕೆ ಭುಜ ಹಚ್ಚಿ ನಿಂತರೆ ಅರ್ಧ ಮೀಟರ್. ನಾಲ್ವರು ಅಂದರೆ 2 ಮೀಟರ್.

ಅದರಲ್ಲಿ ತುದಿಯವನು ಹತ್ತಿರದ ಕಂಬದ ಗೆರೆಯಿಂದ ಹೊರಗೆ ನಿಲ್ಲಬೇಕು. ಗೋಡೆಯನ್ನು ಹೊರಗಿನಿಂದ ಸುತ್ತಿಕೊಂಡು ಬಾಗಿ ಬರುವ ಚೆಂಡಿಗೆ ಅವನೇ ತಡೆ. ಎರಡನೆಯವನ ಹೊರಭುಜ ಕಂಬದ ಗೆರೆಗೆ ಹತ್ತಬೇಕು. ಈ ಲೆಕ್ಕದಲ್ಲಿ ನಮ್ಮ ಗೋಡೆ ಗೋಲಿನ ಸುಮಾರು 3.3 ಮೀಟರ್ ಮುಚ್ಚಿತ್ತು. ಉಳಿದ 4 ಮೀಟರ್ ಕೀಪರ್‌ನದು. ಅದು ಗೋಲಿನ ನಟ್ಟನಡುವಿನ ಆಸುಪಾಸಿನಿಂದ ಅವನ ಎಡಗಡೆಯ ಕಂಬದವರೆಗೆ. ಆ 4 ಮೀಟರಿನ ಮಧ್ಯಕ್ಕೆ ಹತ್ತಿರ ನಿಲ್ಲಬೇಕೆಂದರೆ ಕೀಪರ್ ಗೋಲಿನ ನಡುವಿನಿಂದ ಒಂದು ಹೆಜ್ಜೆ ಎಡಕ್ಕೆ ಇರಬೇಕು. ವಿಡಿಯೋದಲ್ಲಿ ನೋಡಿದರೆ, ಸೀಟಿ ಬೀಳುವಾಗ ಅವನು ಸರಿಯಾಗಿ ಅಲ್ಲೇ ಇದ್ದಾನೆ!

ಇಲ್ಲಿಯವರೆಗೆ ತಪ್ಪೇ ಇಲ್ಲ. ಗೋಡೆಯಲ್ಲಿ ಯಾರು ನಿಂತರು ಅನ್ನುವುದು ತಪ್ಪಿರಬಹುದು, ಗೋಡೆ ನಿಂತ ಜಾಗ ಸರಿ ಇತ್ತು. ಕೀಪರ್ ನಿಂತ ಜಾಗವೂ ಸರಿ ಇತ್ತು.

ಆಮೇಲೆ ಫ್ರೇಮ್ ಫ್ರೇಮ್ ಆಗಿ ನೋಡಿದೆ. ಹತ್ತನೇ ನಂಬರ್ ಕೊನೆಯ ಹೆಜ್ಜೆ ಇಡುವಾಗ, ಕಾಲು ಇನ್ನೂ ಚೆಂಡಿಗೆ ತಗಲಿಲ್ಲ, ನಮ್ಮ ಕೀಪರ್ ಬಲಕ್ಕೆ, ಗೋಡೆಯ ಕಡೆಗೆ, ಒಂದು ಹೆಜ್ಜೆ ಮತ್ತು ಇನ್ನರ್ಧ ಹೆಜ್ಜೆ ಸರಿದಿದ್ದಾನೆ. ಮೈಭಾರ ಪೂರ್ತಿ ಬಲಗಾಲ ಮೇಲೆ. ಹೊಡೆದಲ್ಲಿಂದ ಬಲೆಗೆ ಹೋಗಲು ಚೆಂಡಿಗೆ 28 ಫ್ರೇಮ್ ಹಿಡಿದಿದೆ. ಸೆಕೆಂಡಿಗೆ 30 ಫ್ರೇಮ್ ಅಂದರೆ 0.93 ಸೆಕೆಂಡ್. ಗಂಟೆಗೆ ಸುಮಾರು 80 ಕಿ.ಮೀ. ವೇಗ. ಟಿವಿಯಲ್ಲಿ ನೋಡುವ ಹೊಡೆತಗಳ ಮುಂದೆ ಇದು ದೊಡ್ಡದೇನಲ್ಲ. ತನ್ನ ಜಾಗದಲ್ಲೇ ಇದ್ದಿದ್ದರೆ ಚೆಂಡು ಅವನಿಂದ ಎರಡು ಮೀಟರ್ ದೂರ ಹೋಗುತ್ತಿತ್ತು, ಕೈ ಚಾಚಿ ಬಿದ್ದರೆ ಸಿಗುವಷ್ಟು. ಸರಿದದ್ದರಿಂದ ಅದು ಮೂರು ಮೀಟರ್ ಆಯಿತು, ಅದೂ ತಪ್ಪು ಕಾಲಿನ ಮೇಲೆ.

ಆದರೆ ದೂರಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕಾಗದದ ಮೇಲೆ ಅವನ ಹೊಸ ಜಾಗದಿಂದ ಚೆಂಡಿಗೆ ಗೆರೆ ಎಳೆದರೆ ಅದು ಗೋಡೆಯ ಒಳತುದಿಯವನ ಭುಜಕ್ಕೆ ಹೊಡೆಯುತ್ತದೆ. ಅಂದರೆ ಹೊಡೆತದ ಕ್ಷಣದಲ್ಲಿ ಅವನಿಗೆ ಚೆಂಡೇ ಕಂಡಿಲ್ಲ.

ನಿಯಮ ಕೊಟ್ಟ ಕಿಟಕಿ

ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು, ಯಾಕೆಂದರೆ ನಮ್ಮ ಭಾಗದ ಎಷ್ಟೋ ತಂಡಗಳು ಇದನ್ನು ಗಮನಿಸಿದಂತೆ ಕಾಣುವುದಿಲ್ಲ.

2019ರ ಜೂನ್ 1ಕ್ಕೆ ಮೊದಲು ಎದುರಾಳಿಗಳು ನಮ್ಮ ಗೋಡೆಯೊಳಗೇ ನುಗ್ಗಿ ನಿಲ್ಲಬಹುದಿತ್ತು. ತಳ್ಳಾಟ, ಅಂಗಿ ಎಳೆದಾಟ, ಹೊಡೆಯುವ ಹೊತ್ತಿಗೆ ಅವರು ಬಗ್ಗಿ ತೂತು ಮಾಡುವುದು ಎಲ್ಲ ನಡೆಯುತ್ತಿತ್ತು. ಆ ದಿನದಿಂದ ನಿಯಮ ಬದಲಾಯಿತು. ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಗೋಡೆ ಕಟ್ಟಿದರೆ ಹೊಡೆಯುವ ತಂಡದವರು ಚೆಂಡು ಆಟಕ್ಕೆ ಬರುವವರೆಗೆ ಅದರಿಂದ ಕನಿಷ್ಠ 1 ಮೀಟರ್ ದೂರ ಇರಬೇಕು. ಗೋಡೆಯಲ್ಲಿ ಇಬ್ಬರೇ ಇದ್ದರೆ ಈ ನಿಯಮ ಇಲ್ಲ, ಇದನ್ನೂ ನೆನಪಿಡಬೇಕು.

ಎದುರಾಳಿಗಳ ಒಂಬತ್ತನೇ ನಂಬರ್ ಆ ಒಂದು ಮೀಟರನ್ನು ಸರಿಯಾಗಿ ಬಿಟ್ಟೇ ನಿಂತಿದ್ದ. ಅವನು ನಿಂತದ್ದು ಕೀಪರ್‌ನ ಕಣ್ಣು ಕಟ್ಟಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಗೋಡೆಗೂ ಅವನಿಗೂ ನಡುವೆ ಒಂದು ಮೀಟರ್ ಅಗಲದ ಕಿಟಕಿ ಇತ್ತು. ಕೀಪರ್ ತನ್ನ ಜಾಗದಲ್ಲಿದ್ದಾಗ ಆ ಕಿಟಕಿಯ ಮೂಲಕ ಚೆಂಡು ಪೂರ್ತಿ ಕಾಣುತ್ತದೆ. ವಿಡಿಯೋದಲ್ಲಿ ಅವನ ತಲೆಯ ಪಕ್ಕದಲ್ಲೇ ಬಿಳಿ ಚೆಂಡು, ಅದರ ಪಕ್ಕ ಹತ್ತನೇ ನಂಬರಿನ ಹಳದಿ ಬೂಟು ಎರಡೂ ಕಾಣುತ್ತವೆ. ಗೋಲಿನ ನಡುವಿಗೆ ಬಂದರೂ ಸಣ್ಣ ಸಂದಿಯಲ್ಲಿ ಕಾಣುತ್ತದೆ. ಅಲ್ಲಿಂದ ಅರ್ಧ ಹೆಜ್ಜೆ ಬಲಕ್ಕೆ ಹೋದರೆ ಮಾಯ.

ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕೀಪರ್‌ಗಳ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿ, ಗೋಡೆ ಇರುವ ಮತ್ತು ಇಲ್ಲದ ಫ್ರೀ ಕಿಕ್‌ಗಳನ್ನು ಎದುರಿಸಲು ಬಿಟ್ಟರು. ಚೆಂಡು ಹೊರಡುವುದನ್ನು ಗೋಡೆ ಮರೆಮಾಡಿದಾಗ ಕೀಪರ್‌ಗಳು ತಡವಾಗಿ ಕದಲಿದರು, ತಡೆದದ್ದೂ ಕಡಿಮೆಯಾಯಿತು. ಗೋಡೆಯೇ ಬೇಡ ಅನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಆದರೆ ಐದನೆಯವನನ್ನು ಗೋಡೆಗೆ ಸೇರಿಸುವ ಮೊದಲು ಯೋಚಿಸಬೇಕು ಅನ್ನುವುದನ್ನು ಈಗ ಒಪ್ಪುತ್ತೇನೆ. ಇದೇ ಜಾಗದಲ್ಲಿ ಐವರು ನಿಂತಿದ್ದರೆ ಕೀಪರ್ ಕಾಯಬೇಕಾದದ್ದು 3 ಮೀಟರಿಗೆ ಇಳಿಯುತ್ತಿತ್ತು ನಿಜ, ಜೊತೆಗೆ ಅವನು ಚೆಂಡು ನೋಡಲು ಇನ್ನೂ ಒಂದು ಹೆಜ್ಜೆ ಆಚೆ ಸರಿಯಬೇಕಾಗುತ್ತಿತ್ತು.

ಗೋಡೆ ಅಂದರೆ ಪಾಲು ಮಾಡಿಕೊಂಡ ಹೊಲ ಇದ್ದಂತೆ. ಬದು ಹಾಕಿದ ಮೇಲೆ ಆ ಬದಿ ನಿಮ್ಮದು, ಈ ಬದಿ ನನ್ನದು. ಅವನ ಹೊಲದಲ್ಲಿ ಕಳೆ ಬೆಳೆದಿದೆ ಅಂತ ನೀವು ನಿಮ್ಮ ಹೊಲ ಬಿಟ್ಟು ಹೋದರೆ ಎರಡೂ ಹಾಳು. ನಮ್ಮ ಕೀಪರ್ ಬದು ದಾಟಿ ಹೋಗಿದ್ದ. ಪ್ರಶ್ನೆ ಇದ್ದದ್ದು ಯಾಕೆ ಹೋದ ಅನ್ನುವುದು.

ಕೀಪರ್ ಹೇಳಿದ್ದು

ಬುಧವಾರ ಸಂಜೆ ಅವನನ್ನು ಗಿರ್ಮಿಟ್ ತಿನ್ನಲು ಕರೆದುಕೊಂಡು ಹೋದೆ. ಮೈದಾನದಲ್ಲಿ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾನೆ, ಅಷ್ಟೆ. ತಟ್ಟೆ ಬಂತು. ಮೆಣಸಿನಕಾಯಿ ಕಚ್ಚಿಕೊಂಡು ಮೊಬೈಲಿನಲ್ಲಿ ಆ ಫ್ರೇಮ್ ತೋರಿಸಿ, ಈ ಹೆಜ್ಜೆ ಯಾಕೆ ಇಟ್ಟೆ ಅಂತ ಕೇಳಿದೆ. ಚುರುಮುರಿಯನ್ನು ಚಮಚದಲ್ಲಿ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಮಾಡಿದ. ಆಮೇಲೆ ಹೇಳಿದ:

"ನೀವ ಹೇಳಿದ್ರಲ್ರೀ ಸರ, ಹಾಫ್ ಟೈಮ್‌ನ್ಯಾಗ. ಅಂವಾ ವಾಲ್ ಮ್ಯಾಲಿಂದನ ಹೊಡಿತಾನ, ನೋಡ್ಕೋ ಅಂತ."

ಹೇಳಿದ್ದೆ. ಹೌದು. ಹಿಂದಿನ ಸುತ್ತಿನಲ್ಲಿ ಆ ಹತ್ತನೇ ನಂಬರ್ ಗೋಡೆಯ ಮೇಲಿಂದ ಒಂದು ಗೋಲು ಹೊಡೆದದ್ದನ್ನು ನೋಡಿ ಬಂದಿದ್ದೆ. ಬಹಳ ಜಾಣನಂತೆ ಅದನ್ನು ಕೀಪರ್‌ಗೆ ದಾಟಿಸಿದ್ದೆ. ಏನು ಮಾಡಬೇಕು ಅಂತ ಹೇಳಿರಲಿಲ್ಲ, ಹೆದರಿಕೆಯನ್ನು ಮಾತ್ರ ಕೊಟ್ಟಿದ್ದೆ.

ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮತ್ತ ಕಂಬದ ಕಡಿ ತುದೀಗೆ ಹನ್ನೊಂದನೆಯವ್ನ ನಿಂದರಿಸಿದ್ರಿ. ಅವನ ತಲಿ ಮ್ಯಾಲಿಂದ ನಾನೂ ಹೊಡಿತೀನ್ರಿ. ಹೋದ ಮ್ಯಾಚಿನ್ಯಾಗ ಅಂವಾ ಹೊಳ್ಳಿ ನಿಂತಿದ್ದ. ನಂಬೂದ ಹ್ಯಾಂಗ್ರೀ?"

ಹೋದ ಮ್ಯಾಚಿನ ಕಥೆ ಹೀಗೆ. ಅಲ್ಲೊಂದು ಫ್ರೀ ಕಿಕ್‌ಗೆ ಹನ್ನೊಂದನೇ ನಂಬರ್ ಮುಖ ತಪ್ಪಿಸಲು ಬೆನ್ನು ತಿರುಗಿಸಿದ, ಸಂದಿಯಲ್ಲಿ ಚೆಂಡು ನುಸುಳಿತು, ಅದೃಷ್ಟಕ್ಕೆ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಗೋಲು ಆಗಲಿಲ್ಲವಲ್ಲ, ಹಾಗಾಗಿ ನಾವ್ಯಾರೂ ಅದರ ಬಗ್ಗೆ ಮಾತಾಡಿರಲಿಲ್ಲ. ಕೀಪರ್ ಮರೆತಿರಲಿಲ್ಲ.

ಇಷ್ಟಾದ ಮೇಲೆ ಇನ್ನೊಮ್ಮೆ ವಿಡಿಯೋದ ಧ್ವನಿ ಕೇಳಿದೆ. ಗೋಡೆ ಕಟ್ಟುವ ಆ ಇಪ್ಪತ್ತು ಸೆಕೆಂಡಿನಲ್ಲಿ ಐದು ಧ್ವನಿಗಳು ಕೂಗುತ್ತಿವೆ. ಒಂದು ಕೀಪರ್‌ನದು. ಎರಡು ಆಟಗಾರರವು. ಒಂದು ಬೇಲಿಯಾಚೆಯ ಯಾರದೋ, "ಜಿಗೀರೋ, ಜಿಗೀರಿ" ಅಂತ. ಐದನೆಯದು ನನ್ನದೇ: "ಮ್ಯಾಲಿಂದ! ಮ್ಯಾಲಿಂದ ಬರ್ತೈತಿ!" ಆಮೇಲಿನ ಎರಡನೇ ಸೆಕೆಂಡಿಗೆ ಕೀಪರ್ ಆ ಹೆಜ್ಜೆ ಇಡುತ್ತಾನೆ.

ಬರುತ್ತದೆ ಅಂದುಕೊಂಡ ಚೆಂಡಿಗೆ ಸರಿದು, ಬಂದ ಚೆಂಡನ್ನು ಬಿಟ್ಟವರಲ್ಲಿ ನಮ್ಮ ಹುಡುಗನೇ ಮೊದಲನೆಯವನಲ್ಲ. 2002ರ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್‌ನಲ್ಲಿ, ಜಪಾನಿನ ಶಿಜುವೊಕಾದಲ್ಲಿ, ಇಂಗ್ಲೆಂಡಿನ ಕೀಪರ್ ಡೇವಿಡ್ ಸೀಮನ್ ಕ್ರಾಸ್ (ಗೋಲಿನ ಮುಂದಕ್ಕೆ ಎತ್ತಿ ಕೊಡುವ ಪಾಸ್) ಬರುತ್ತದೆ ಅಂತ ಲೈನು ಬಿಟ್ಟು ಮುಂದೆ ಬಂದಿದ್ದರು. ರೊನಾಲ್ಡಿನ್ಯೊ ಹೊಡೆದ ಫ್ರೀ ಕಿಕ್ ಅವರ ತಲೆಯ ಮೇಲಿಂದ ಗೋಲಿಗೆ ಇಳಿಯಿತು. ಬ್ರೆಜಿಲ್ 2–1ರಿಂದ ಗೆದ್ದಿತು. ಅಂಥ ದೊಡ್ಡ ಕೀಪರ್ ಕೂಡ ನಿರೀಕ್ಷೆಗೆ ಬಲಿಬಿದ್ದ ಮೇಲೆ ಹದಿನೇಳು ವರ್ಷದವನನ್ನು ಏನನ್ನುವುದು.

ಮೇಲಿಂದ ಹೊಡೆಯುವುದು ಎಷ್ಟು ಕಷ್ಟ

ನನ್ನ ಹೆದರಿಕೆಗಾದರೂ ಆಧಾರ ಇತ್ತೇ? ಅದನ್ನೂ ಲೆಕ್ಕ ಹಾಕಿದೆ.

1.70 ಮೀಟರ್ ಎತ್ತರದ ಹುಡುಗ ಜಿಗಿದರೆ ಅವನ ತಲೆ 2.1 ಮೀಟರ್ ದಾಟುತ್ತದೆ. ಚೆಂಡಿಗೂ ತನ್ನದೇ ಗಾತ್ರವಿದೆ, ಅಡ್ಡಕ್ಕೆ 22 ಸೆಂಟಿಮೀಟರ್. ಹಾಗಾಗಿ 9 ಮೀಟರಿನಲ್ಲಿ ಚೆಂಡಿನ ನಡು ಸುಮಾರು 2.25 ಮೀಟರ್ ಮೇಲೆ ಇರಬೇಕು. ಅಲ್ಲಿಂದ ಇನ್ನೂ ಏರುತ್ತಲೇ ಇರುವ ಚೆಂಡು ಗೋಲಿಗೆ ಬರುವಷ್ಟರಲ್ಲಿ 2.44 ಮೀಟರಿನ ಅಡ್ಡಪಟ್ಟಿಯ ಕೆಳಗೆ ಇಳಿಯಬೇಕು. ಗಂಟೆಗೆ 80 ಕಿ.ಮೀ. ವೇಗಕ್ಕೆ ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಚೆಂಡು ಪಟ್ಟಿಗೇ ಬಡಿಯುತ್ತದೆ. ಗಾಳಿಯ ತಡೆ ಮತ್ತು ಮುಂದಕ್ಕೆ ಉರುಳುವ ತಿರುಗು ಸೇರಿದರೆ ಮಾತ್ರ ಒಳಗೆ. ಇನ್ನೂ ಜೋರಾಗಿ ಹೊಡೆದರೆ ಆಕಾಶಕ್ಕೆ, ಮೆಲ್ಲಗೆ ಹೊಡೆದರೆ ಕೀಪರ್‌ಗೆ ನಡೆದುಕೊಂಡು ಹೋಗಿ ಹಿಡಿಯುವಷ್ಟು ಹೊತ್ತು. 25 ಮೀಟರ್ ದೂರದಲ್ಲಿ ಈ ಬಾಗಿಲು ದೊಡ್ಡದಾಗುತ್ತದೆ, 17–18 ಮೀಟರಿನಲ್ಲಿ ಬಹುತೇಕ ಮುಚ್ಚುತ್ತದೆ. ನಮ್ಮ ಮೈದಾನಗಳಲ್ಲಿ ಆಡುವ ಹುಡುಗರಿಗೆ 20 ಮೀಟರಿನಿಂದ ಇದು ಹತ್ತರಲ್ಲಿ ಒಂದು ಸಲವೂ ಸಿದ್ಧಿಸಲಿಕ್ಕಿಲ್ಲ ಅಂತ ನನ್ನ ಅಂದಾಜು. ಆ ಹತ್ತನೇ ನಂಬರಿಗೆ ಹಿಂದಿನ ಸುತ್ತಿನಲ್ಲಿ ಸಿದ್ಧಿಸಿದ್ದನ್ನು ನಾನು ಅವನ ಹುಟ್ಟುಗುಣ ಅಂದುಕೊಂಡೆ.

ನಮ್ಮ ಮಟ್ಟದಲ್ಲಿ ಫ್ರೀ ಕಿಕ್ ಗೋಲಾಗುವುದು ಗೋಡೆ ಒಡೆದಾಗ, ಕೀಪರ್‌ಗೆ ಚೆಂಡು ಕಾಣದಾಗ, ಅಥವಾ ತಡೆದ ಚೆಂಡು ಬಿಡುವಾಗಿ ಬಿದ್ದು ಎದುರಾಳಿ ಮೊದಲು ಓಡಿದಾಗ. ಬಾಗಿದ ಚೆಂಡಿನ ಚಂದ ಟಿವಿಯದು.

ಹಾಗೆಯೇ ಗೋಡೆಯ ಹಿಂದೆ ಅಡ್ಡ ಮಲಗುವ ಪದ್ಧತಿ. 2018ರಲ್ಲಿ ಬಾರ್ಸಿಲೋನಾ ಎದುರು ಇಂಟರ್ ಮಿಲಾನ್‌ನ ಬ್ರೊಜೊವಿಚ್ ಮಲಗಿ ಸುವಾರೆಸ್‌ನ ನೆಲಮಟ್ಟದ ಹೊಡೆತ ತಡೆದ ಮೇಲೆ ಎಲ್ಲರೂ ಮಲಗಲು ಶುರು ಮಾಡಿದರು, 2021ರಲ್ಲಿ ಮೆಸ್ಸಿಯೂ ಮಲಗಿದ. ನಮ್ಮ ಹುಡುಗರಿಗೂ ಮಲಗುವ ಆಸೆ ಬಹಳ. ನಾನು ಬೇಡ ಅಂದಿದ್ದೇನೆ. ಗೋಡೆ ಜಿಗಿಯುತ್ತದೆ ಅನ್ನುವುದಕ್ಕೆ ಅಲ್ಲವೇ ಅಡಿಯಲ್ಲಿ ಒಬ್ಬ ಮಲಗಬೇಕು? 20 ಮೀಟರಿನ ಒಳಗೆ ಗೋಡೆ ಜಿಗಿಯುವುದೇ ಬೇಡ, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತರೆ ಸಾಕು. ಮಲಗುವವನು ರಿಬೌಂಡ್‌ಗೆ ಓಡಲಿ. ಎರೆಮಣ್ಣಿನ ಕೆಸರಿನಲ್ಲಿ ಮಲಗೆದ್ದ ಬಿಳಿ ಜೆರ್ಸಿ ಒಗೆಯುವ ತಾಯಂದಿರೂ ನನ್ನ ಪರ.

ಹಗ್ಗ ಕಟ್ಟಿದ ಬೆಳಿಗ್ಗೆ

ಶನಿವಾರ ಬೆಳಿಗ್ಗೆ ಧಾರವಾಡದ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ ಚೆಂಡನ್ನು ಅದೇ 20 ಮೀಟರಿಗೆ, ಅದೇ 2 ಮೀಟರ್ ಎಡಕ್ಕೆ ಇಟ್ಟೆ. ಚೆಂಡಿನ ಪಕ್ಕ ಒಂದು ಗೂಟ ಹೊಡೆದು ಎರಡು ಕಂಬಗಳಿಗೂ ನೂಲಿನ ಹಗ್ಗ ಎಳೆದು ಕಟ್ಟಿದೆ. 9.15 ಮೀಟರಿನಲ್ಲಿ ಹಗ್ಗದಿಂದ ಹಗ್ಗಕ್ಕೆ ಹುಡುಗರೇ ಟೇಪು ಹಿಡಿದು ಅಳೆದರು. ಮೂರೂವರೆ ಮೀಟರ್ ಕೂಡ ಇಲ್ಲ ಅಂತ ನೋಡಿ ಹನ್ನೊಂದನೇ ನಂಬರ್, "ಇಷ್ಟ ಏನ್ರೀ ಗೋಲು?" ಅಂದ. ಬಾಯಲ್ಲಿ ನೂರು ಸಲ ಹೇಳಿದ್ದು ಆ ಎರಡು ಹಗ್ಗದಲ್ಲಿ ತಿಳಿಯಿತು. ಸರಕಾರಿ ಮೋಜಣಿಯಲ್ಲೂ ಹೀಗೇ, ನಕಾಶೆ ತೋರಿಸಿದರೆ ಜಗಳಾಡುವ ಅಣ್ಣತಮ್ಮಂದಿರು ಹಗ್ಗ ಎಳೆದರೆ ಸುಮ್ಮನಾಗುತ್ತಾರೆ.

ಗೋಡೆಗೆ ಯಾರು ಅನ್ನುವುದನ್ನು ಅಲ್ಲೇ ಖಾಯಂ ಮಾಡಿದೆವು. ಕಂಬದ ಗೆರೆಗೆ ಭುಜ ಹಚ್ಚುವವನು ನಮ್ಮ ಎತ್ತರದ ಐದನೇ ನಂಬರ್, ಅವನ ಒಳಗೆ ನಾಲ್ಕನೇ ನಂಬರ್, ಆಮೇಲೆ ಎಂಟು. ಹೊರತುದಿಯವನು ಎತ್ತರ ಇರದಿದ್ದರೂ ನಡೆಯುತ್ತದೆ, ಹೆದರದವನಾಗಿರಬೇಕು. ಫೌಲ್ ಮಾಡಿದವನು ಗೋಡೆಗೆ ಬೇಡ. ಅವನ ತಲೆ ಇನ್ನೂ ರೆಫ್ರಿಯ ಜೊತೆ ವಾದಿಸುತ್ತಿರುತ್ತದೆ. ಎದುರಾಳಿಗಳ ಎತ್ತರದವರನ್ನು ಯಾರು ಹಿಡಿಯಬೇಕು ಅನ್ನುವುದಕ್ಕೆ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. ಫ್ರೀ ಕಿಕ್‌ನಲ್ಲಿ ಆಫ್‌ಸೈಡ್ (ಕೀಪರ್ ಬಿಟ್ಟು ನಮ್ಮ ಕೊನೆಯವನಿಗಿಂತ ಗೋಲಿಗೆ ಹತ್ತಿರ ನಿಂತು ಆಡುವ ತಪ್ಪು) ಇದ್ದೇ ಇದೆ, ನಮ್ಮವರು ಗೋಡೆಯ ಸಾಲಿಗೇ ನಿಂತರೆ ಅವರೂ ಅದರಾಚೆ ನಿಲ್ಲುವಂತಿಲ್ಲ. ಈ ಕಾರಣಕ್ಕೇ ಗೋಲ್‌ಲೈನ್ ಮೇಲೆ ಕಂಬ ಕಾಯಲು ಒಬ್ಬನನ್ನು ನಿಲ್ಲಿಸುವುದನ್ನೂ ಬಿಟ್ಟೆವು. ಅವನೊಬ್ಬ ಅಲ್ಲಿದ್ದರೆ ಎದುರಾಳಿಗಳೆಲ್ಲರೂ ಆನ್‌ಸೈಡ್, ಎಲ್ಲಿ ನಿಂತರೂ ತಪ್ಪಿಲ್ಲ.

ಕೈ. 20 ಮೀಟರಿನ ಫ್ರೀ ಕಿಕ್‌ಗೆ ಗೋಡೆ ನಿಲ್ಲುವುದು ಗೋಲಿನಿಂದ ಹತ್ತಿರ ಹತ್ತಿರ 11 ಮೀಟರಿನಲ್ಲಿ, ಅಂದರೆ 16.5 ಮೀಟರಿನ ಬಾಕ್ಸಿನೊಳಗೆ. ಮೈಯಿಂದ ದೂರ ಚಾಚಿದ ಕೈಗೆ ತಗುಲಿದರೆ ಪೆನಾಲ್ಟಿ. ಕೈ ಮುಂದೆ ಕಟ್ಟಿಕೊಂಡು ಮೊಣಕೈ ಪಕ್ಕೆಗೆ ಒತ್ತಿಕೊಳ್ಳುವುದನ್ನು ಅಭ್ಯಾಸ ಮಾಡಿದೆವು. ಬೆನ್ನು ತಿರುಗಿಸುವ ಚಟ ಬಿಡಿಸಲು ಗಾಳಿ ಇಳಿಸಿದ ಹಳೆಯ ಚೆಂಡಿನಿಂದ ಹತ್ತಿರದಿಂದ ಹೊಡೆಸಿದೆ. ಮೊದಲ ಹತ್ತು ಹೊಡೆತಕ್ಕೆ ಹನ್ನೊಂದನೇ ನಂಬರ್ ಕಣ್ಣು ಮುಚ್ಚಿದ, ಆಮೇಲೆ ಹಲ್ಲು ಕಚ್ಚಿದ, ಆಮೇಲೆ ನಗಲು ಶುರು ಮಾಡಿದ.

ದೊಡ್ಡ ಬದಲಾವಣೆ ಕಂಬ ತಬ್ಬುವುದರಲ್ಲಿ. ಕೀಪರ್ ಗೋಡೆ ಸರಿಪಡಿಸಲು ಕಂಬಕ್ಕೆ ಹೋದ ಆ ಎಂಟು ಹತ್ತು ಸೆಕೆಂಡು ಗೋಲು ಖಾಲಿ. ರೆಫ್ರಿ ಸೀಟಿಗೆ ಕಾಯಿರಿ ಅಂತ ಸನ್ನೆ ಮಾಡದಿದ್ದರೆ ಎದುರಾಳಿ ಯಾವಾಗ ಬೇಕಾದರೂ ಹೊಡೆಯಬಹುದು. ಇದನ್ನು ಹುಡುಗರಿಗೆ ಹೇಳಿಕೊಡಬೇಕಾಗಿಯೇ ಇರಲಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇ ಆಫ್‌ನ ಹೆಚ್ಚುವರಿ ಸಮಯದಲ್ಲಿ, ಕೇರಳ ಬ್ಲಾಸ್ಟರ್ಸ್‌ನ ಕೀಪರ್ ಗೋಡೆ ಜೋಡಿಸುತ್ತಿರುವಾಗಲೇ ಬೆಂಗಳೂರು ತಂಡದ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಹಾಕಿದ್ದು, ಕೇರಳದವರು ಮೈದಾನ ಬಿಟ್ಟು ನಡೆದದ್ದು, ಬೆಂಗಳೂರಿಗೆ 1–0 ಗೆಲುವು ಕೊಟ್ಟದ್ದು ಎಲ್ಲರಿಗೂ ಬಾಯಿಪಾಠ. ಬೆಂಗಳೂರಿನ ಕಡೆಯವರಾಗಿ ಆ ದಿನ ಕುಣಿದವರೇ ನಮ್ಮವರೆಲ್ಲ. ಅದೇ ನಮಗೂ ಆಗಬಹುದು ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಈಗ ಗೋಡೆ ಜೋಡಿಸುವುದು ನಮ್ಮ ಫಾರ್ವರ್ಡ್ ಒಬ್ಬ. ಅವನು ಚೆಂಡಿನ ಹಿಂದೆ ಹತ್ತು ಹೆಜ್ಜೆಗೂ ದೂರ ನಿಂತು, ಚೆಂಡು ಮತ್ತು ಕಂಬ ಒಂದೇ ಗೆರೆಗೆ ಬರುವಂತೆ ನೋಡಿ ಐದನೇ ನಂಬರಿಗೆ ಕೈಸನ್ನೆ ಮಾಡುತ್ತಾನೆ. ಕೀಪರ್ ಗೋಲು ಬಿಟ್ಟು ಕದಲುವುದಿಲ್ಲ. ಎಷ್ಟು ಜನ ಬೇಕು ಅನ್ನುವುದನ್ನು ಬೆರಳೆತ್ತಿ ತೋರಿಸುವುದು ಮಾತ್ರ ಅವನ ಕೆಲಸ. ಬಾಯಿ ಬಿಡುವ ಹಕ್ಕು ಕೀಪರ್ ಒಬ್ಬನಿಗೇ. ಇದನ್ನು ಹೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನನಗೂ ಸೇರಿಸಿಯೇ ಅಂದೆ.

ಮೂರು ವಾರದ ಮೇಲೆ

ಗದಗಿನಿಂದ ಬಂದ ತಂಡದ ಜೊತೆ ಸ್ನೇಹದ ಪಂದ್ಯ. ಎರಡನೇ ಅರ್ಧದಲ್ಲಿ ಬಾಕ್ಸಿನ ಹೊರಗೆ, ಬಲಗಡೆಗೆ, ಸುಮಾರು 22 ಮೀಟರಿನಲ್ಲಿ ಫ್ರೀ ಕಿಕ್. ಕೀಪರ್ ಮೂರು ಬೆರಳು ಎತ್ತಿದ. ಮೂರು! ನನ್ನ ಲೆಕ್ಕಕ್ಕೆ ನಾಲ್ಕು ಬೇಕಿತ್ತು. ನಾಲಿಗೆ ತುದಿಯವರೆಗೆ ಬಂತು. ಕೊರಳಲ್ಲಿದ್ದ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡೆ.

ಕೀಪರ್ ತನ್ನ ಜಾಗದಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಚಾಚಿ ಚೆಂಡು ಕಾಣುತ್ತದೆಯೇ ನೋಡಿಕೊಂಡ, ಒಳತುದಿಯವನಿಗೆ "ಅರ್ಧ, ಅರ್ಧ ಹೆಜ್ಜಿ" ಅಂದ, ಆಮೇಲೆ ಸುಮ್ಮನಾದ. ಹೊಡೆತ ಗೋಡೆಯ ಮೇಲಿಂದಲೇ ಬಂತು. ಐದನೇ ನಂಬರಿನ ಹಣೆಗೆ ಸವರಿ ಕಾರ್ನರ್‌ಗೆ ಹೋಯಿತು. ಕೀಪರ್ ಕಾಲು ಕೀಳಲಿಲ್ಲ.

ಮ್ಯಾಚ್ ಮುಗಿದ ಮೇಲೆ ಅವನ ಹತ್ತಿರ ಹೋಗಿ, ಮೂವರು ಯಾಕೆ ಅಂದೆ. ನಾಲ್ಕನೆಯವನು ನಿಂತರೆ ಹೊಡೆಯುವವನ ನಿಂತ ಕಾಲು ಕಾಣುವುದಿಲ್ಲವಂತೆ, ಚೆಂಡಿಗಿಂತ ಅವನು ಆ ಕಾಲನ್ನೇ ಹೆಚ್ಚು ನೋಡುತ್ತಾನಂತೆ. ಇಷ್ಟು ದಿನ ಇದನ್ನು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ಇನ್ನೂ ನಾಲ್ವರೇ ಸರಿ ಅನ್ನಿಸುತ್ತದೆ. ಐದನೇ ನಂಬರಿನ ಹಣೆ ಎರಡು ಇಂಚು ಕೆಳಗಿದ್ದಿದ್ದರೆ ಏನಾಗುತ್ತಿತ್ತು ಅಂತ ಕೇಳಿದ್ದಕ್ಕೆ, "ಅದು ಅವನ ಕಡೀದಲ್ಲೇನ್ರೀ ಸರ?" ಅಂದ. ಬರುವ ಶನಿವಾರ ಮತ್ತೆ ಹಗ್ಗ ಕಟ್ಟಿ, ಮೂವರನ್ನೂ ನಾಲ್ವರನ್ನೂ ನಿಲ್ಲಿಸಿ, ನಾನೇ ಗೋಲಿನಲ್ಲಿ ನಿಂತು ನೋಡಬೇಕು ಅಂತ ಅವನ ಷರತ್ತು. ಗ್ಲೌಸ್ ಅವನದೇ ಕೊಡುತ್ತಾನಂತೆ.